ಕಂಪ್ಲಿಯ ಯಂತ್ರವೂ ಸಂಡೂರಿನ ಪಟ್ಟಿಯೂ

ಹಂಪೆಯ ಸೀಮೆಗೆ ಹೋಗಿಬಂದವರು ವಿರೂಪಾಕ್ಷನ ಗೋಪುರವನ್ನೂ ಕಲ್ಲಿನ ರಥವನ್ನೂ ತುಂಗಭದ್ರೆಯ ಅಣೆಕಟ್ಟನ್ನೂ ವರ್ಣಿಸಿ ಬರೆದ ಲೇಖನಗಳು ವಾಚಕರಿಗೆ ಹೊಸವಲ್ಲ. ನಾನು ೨೦೨೬ನೆಯ ಇಸವಿಯ ಮಾಘಮಾಸದಲ್ಲಿ ಆ ಸೀಮೆಯಲ್ಲಿ ಐದು ದಿನ ಇದ್ದೆನಾದರೂ ದರ್ಶನಕ್ಕಾಗಿ ಹೋದವನಲ್ಲ. ಗೇಣಿಗಿಂತ ಕಿರಿದಾದ ಹಸುರು ಪಟ್ಟಿಯೊಂದನ್ನು ಹುಡುಕಿಕೊಂಡು ಹೋದವನು. ಅಂಗಡಿಯವರು ಅದನ್ನು ರ‍್ಯಾಮ್ ಎನ್ನುತ್ತಾರೆ. ಕಂಪ್ಯೂಟರಿಗೆ ಕೆಲಸದ ಹೊತ್ತಿನಲ್ಲಿ ಬೇಕಾಗುವ ನೆನಪು ಆ ಪಟ್ಟಿಯಲ್ಲಿರುತ್ತದೆ.

ಇದರ ಹಿಂದೆ ನನ್ನದೊಂದು ಅಪರಾಧವುಂಟು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಕ್ಕನನ್ನು ಕೊಟ್ಟುದು ಕಂಪ್ಲಿಗೆ. ಭಾವನವರು ೨೦೨೧ರ ಮಹಾಮಾರಿಯಲ್ಲಿ ತೀರಿಹೋದರು. ಅಂದಿನಿಂದ ಮನೆಯ ಭಾರವು ಅಕ್ಕನ ಮಗಳ ಮೇಲೆ ಬಿದ್ದಿತು. ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರು, ಒಂದು ಮುದ್ರಣಯಂತ್ರ, ಬೀದಿಗೆ ತೆರೆಯುವ ಒಂದು ಕಿಟಕಿ: ಇಷ್ಟೇ ಆಕೆಯ ಬಂಡವಾಳ. ಮದುವೆಯ ಕರೆಯೋಲೆ, ಶಾಲೆಯ ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರಗಳನ್ನು ಜೋಡಿಸಿಕೊಡುವುದು, ಊರವರಿಗೆ ಸೇವಾಸಿಂಧುವಿನ ಅರ್ಜಿಗಳನ್ನು ತುಂಬಿಕೊಡುವುದು, ಇವುಗಳಿಂದ ಮೂವರ ಊಟವೂ ತಮ್ಮನ ಕಾಲೇಜಿನ ವೆಚ್ಚವೂ ನಡೆಯುತ್ತವೆ. ಯಂತ್ರವು ೨೦೧೪ರದು. ಒಂದು ಕಡೆ ಕರೆಯೋಲೆಯ ಚಿತ್ರವನ್ನು ತೆರೆದು ಇನ್ನೊಂದು ಕಡೆ ಅರ್ಜಿಯ ಪುಟವನ್ನು ತೆರೆದರೆ ಅದು ದಣಿದ ಎತ್ತಿನಂತೆ ನಿಂತುಬಿಡುತ್ತಿದ್ದಿತು. ಗಿರಾಕಿಗಳು ಕಿಟಕಿಯ ಹೊರಗೆ ಕಾದು ಬೇಸತ್ತು ಬೇರೆ ಅಂಗಡಿಗೆ ನಡೆಯುತ್ತಿದ್ದರು. ಹಿಂದಿನ ಆಷಾಢದಲ್ಲಿ ಆಕೆ ದೂರವಾಣಿಯಲ್ಲಿ ನನ್ನನ್ನು ಕೇಳಿದಳು. ಮೂವತ್ತು ವರ್ಷ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನೆಂಬ ಹೆಮ್ಮೆಯಿಂದ ನಾನು, “ಎಂಟು ಜಿ.ಬಿ.ಯ ರ‍್ಯಾಮ್ ಒಂದನ್ನು ಹಾಕಿಸಿಬಿಡಮ್ಮ, ಎಲ್ಲ ಸರಿಹೋಗುತ್ತದೆ” ಎಂದೆನು. ಯಾವ ಜಾತಿಯ ರ‍್ಯಾಮ್ ಎಂಬುದನ್ನು ನಾನೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ, ಮಾರಿದವನೂ ವಿಚಾರಿಸಲಿಲ್ಲ. ಎರಡು ತಿಂಗಳ ಉಳಿತಾಯವನ್ನು ಕೊಟ್ಟು ತಂದ ಪಟ್ಟಿಯು ಯಂತ್ರದೊಳಗೆ ಕೂರಲೇ ಇಲ್ಲ. ಮೊಹರು ಒಡೆದ ಮಾಲನ್ನು ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಕೆ ನನ್ನ ಮನಸ್ಸಿಗೆ ನೋವಾದೀತೆಂದು ಈ ಸಂಗತಿಯನ್ನು ದೀಪಾವಳಿಯವರೆಗೂ ಮುಚ್ಚಿಟ್ಟಿದ್ದಳು. ತಿಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯ ಪ್ರಯಾಣ ಮಾಡಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದೆನು. ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವೆಂಬ ಹೆಸರಿನಿಂದ ಹುಟ್ಟಿದ ಈ ಊರು ೨೦೨೧ರಿಂದ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಗಿದೆ. ಹಂಪೆ ಈ ಜಿಲ್ಲೆಗೆ ಸೇರಿತು. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದುವು. ನಿಲ್ದಾಣದ ಬಳಿಯಲ್ಲಿ ಒಗ್ಗರಣೆ ಮಿರ್ಚಿಯ ವಾಸನೆ ಹೊಡೆಯುತ್ತಿರುವಾಗ ಬೇರೆ ಉಪಾಹಾರವನ್ನು ವಿಚಾರಿಸುವವನು ಆ ಸೀಮೆಯ ಮನುಷ್ಯನಲ್ಲ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಕರೆದೊಯ್ದ ಆಟೋದವನು ನಾನು ಪರಸ್ಥಳದವನೆಂದು ತಿಳಿದು ಅಣೆಕಟ್ಟಿನ ಕಥೆಯನ್ನು ಎತ್ತಿದನು. ೨೦೨೪ರ ಆಗಸ್ಟ್ ೧೦ರ ರಾತ್ರಿ ಸರಪಳಿ ತುಂಡಾಗಿ ೧೯ನೆಯ ಗೇಟು ಕೊಚ್ಚಿಹೋದುದು, ತುಂಬಿದ ಜಲಾಶಯದ ನೀರೆಲ್ಲ ಹೊಳೆಯ ಪಾಲಾಗುತ್ತಿದ್ದುದು, ಮುಂದಿನ ಒಂದು ವಾರದೊಳಗೆ ಕನ್ನಯ್ಯ ನಾಯ್ಡುಗಳ ಮಾರ್ಗದರ್ಶನದಲ್ಲಿ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿನೊಳಕ್ಕೇ ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದುದು, ಇವನ್ನೆಲ್ಲ ಆತನು ತಾನೇ ಇಳಿಸಿದವನಂತೆ ವರ್ಣಿಸಿದನು. “ಅಳತಿ ಒಂದೀಟು ಹೆಚ್ಚುಕಮ್ಮಿ ಆಗಿದ್ರ ಕುಂದರ್ತಿದ್ದಿಲ್ರಿ ಅದು” ಎಂದನು. ನನಗೆ ಕಂಪ್ಲಿಯ ಪಟ್ಟಿಯ ನೆನಪಾಗಿ ಮುಖ ಸಣ್ಣದಾಯಿತು.

ಕಂಪ್ಲಿಯ ಹಾದಿ ಕಮಲಾಪುರದ ಮೇಲೆ ಹಾಯುತ್ತದೆ. ವಿಜಯನಗರದ ಅರಸರು ಕಟ್ಟಿಸಿದ ಕೆರೆಯು ಇಂದಿಗೂ ಅಲ್ಲಿ ತುಂಬಿ ನಿಲ್ಲುತ್ತದೆ. ಆಚೆಗೆ ಬಾಳೆಯ ತೋಟಗಳು, ಬಂಡೆಯ ರಾಶಿಗಳು, ಮತ್ತೆ ಬಾಳೆಯ ತೋಟಗಳು. ರಾಮಸಾಗರವನ್ನು ದಾಟಿದರೆ ಕಂಪ್ಲಿ. ಕಂಪಿಲರಾಯನ ಮತ್ತು ಆತನ ಮಗ ಕುಮಾರರಾಮನ ಹೆಸರು ಈ ಸೀಮೆಯ ಹಾಡುಗಳಲ್ಲಿ ಇನ್ನೂ ಬದುಕಿದೆ. ದೆಹಲಿಯ ತುಘಲಕನ ಸೈನ್ಯವು ಆ ರಾಜ್ಯವನ್ನು ಮುರಿದು ಹೋದುದು ೧೩೨೭ರ ಸುಮಾರಿಗೆ. ಹೊಳೆಯ ದಂಡೆಯ ಕೋಟೆಯೂ ಗಂಗಾವತಿಯ ಕಡೆಗೆ ಹೋಗುವ ಸೇತುವೆಯೂ ನೋಡತಕ್ಕವು. ಅಣೆಕಟ್ಟಿನಿಂದ ನೀರು ಹೆಚ್ಚಾಗಿ ಬಿಟ್ಟ ವರ್ಷ ಸೇತುವೆ ಮುಳುಗುತ್ತದೆ. ಆಗ ಎದುರಿನ ದಂಡೆಯ ನೆಂಟರು ಸುತ್ತಿಬಳಸಿ ಬರಬೇಕಾಗುತ್ತದೆ.

ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಯಂತ್ರದ ಪಕ್ಕೆಯ ತಗಡನ್ನು ಬಿಚ್ಚಿದೆವು. ಮೊದಲು ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಬರಿಯ ಕಬ್ಬಿಣವನ್ನು ಕೈಯಿಂದ ಮುಟ್ಟಿದೆವು. ಒಣಹವೆಯ ದಿನಗಳಲ್ಲಿ ಮೈಮೇಲಿನ ಬಟ್ಟೆಯಿಂದ ಹುಟ್ಟುವ ಮಿಂಚು ನಮಗೆ ತಿಳಿಯದಷ್ಟು ಸಣ್ಣದಾದರೂ ಆ ಪಟ್ಟಿಗಳನ್ನು ಕೊಲ್ಲಬಲ್ಲದು. ಬಳ್ಳಾರಿ ಸೀಮೆಯಲ್ಲಿ ಈ ಎಚ್ಚರಿಕೆ ಎಲ್ಲರಿಗೂ ಬೇಕು.

ಅಕ್ಕನು ಬಾಗಿಲಿಗೆ ಒರಗಿ ನಿಂತು, “ಅಷ್ಟು ದೊಡ್ಡ ಡಿಸ್ಕು ಐತಂತ ಹೇಳ್ತಾಳೆ, ಮತ್ತ ನೆನಪು ಯಾಕ ಸಾಲದು?” ಎಂದು ಕೇಳಿದಳು. ಪ್ರಶ್ನೆ ಯುಕ್ತವಾದುದೇ. ಹಗೇವಿನಲ್ಲಿ ನೂರು ಚೀಲ ಜೋಳವಿದ್ದರೂ ಬೀಸುವವಳ ಕೈಗೆ ಸಿಕ್ಕುವುದು ಪಕ್ಕದ ಮೊರದಲ್ಲಿರುವಷ್ಟೇ. ಮೊರ ಬರಿದಾದಾಗಲೆಲ್ಲ ಎದ್ದು ಹಗೇವಿಗೆ ಇಳಿಯಬೇಕು. ಡಿಸ್ಕು ಹಗೇವು, ರ‍್ಯಾಮ್ ಮೊರ. ಈ ಯಂತ್ರದ ಮೊರವು ನಾಲ್ಕು ಜಿ.ಬಿ.ಯದು. ಚಿತ್ರವೂ ಅರ್ಜಿಯ ಪುಟವೂ ಒಟ್ಟಿಗೆ ಬಂದರೆ ಅದು ಸಾಲದೆ ಯಂತ್ರವು ಹಗೇವಿಗೆ ಇಳಿದು ಹತ್ತುವುದರಲ್ಲಿಯೇ ಕಾಲ ಕಳೆಯುತ್ತಿದ್ದಿತು. ಅಕ್ಕನಿಗೆ ಇದು ತಿಳಿಯಿತು. “ಹಂಗಾರ ಮೊರ ದೊಡ್ಡದು ತರ್ರಿ” ಎಂದು ಒಳಗೆ ಹೋದಳು.

ಮೊರವೇನೋ ಎಲ್ಲ ಬೀಸುವ ಕಲ್ಲಿಗೂ ಒಗ್ಗುತ್ತದೆ. ಈ ಪಟ್ಟಿ ಒಗ್ಗುವುದಿಲ್ಲ. ಹಳೆಯ ಪಟ್ಟಿಯನ್ನು ತೆಗೆದು ಹೊಸದರ ಪಕ್ಕದಲ್ಲಿ ಇಟ್ಟಾಗ ವ್ಯತ್ಯಾಸವು ಕಣ್ಣಿಗೆ ಕಂಡಿತು. ಉದ್ದ ಎರಡರದೂ ಒಂದೇ. ಆದರೆ ಕೆಳ ಅಂಚಿನ ಕಚ್ಚು ಒಂದರಲ್ಲಿದ್ದ ಸ್ಥಳದಲ್ಲಿ ಇನ್ನೊಂದರಲ್ಲಿ ಇರಲಿಲ್ಲ. ಹಳೆಯದು ಡಿ.ಡಿ.ಆರ್. ೩ ಎಂಬ ಪೀಳಿಗೆಯದು. ಅಂಚಿನಲ್ಲಿ ೨೪೦ ಚಿನ್ನದ ಬಣ್ಣದ ಹಲ್ಲುಗಳು, ಒಂದೂವರೆ ವೋಲ್ಟಿನ ವಿದ್ಯುತ್ತು. ಹೊಸದು ಡಿ.ಡಿ.ಆರ್. ೪, ೨೮೮ ಹಲ್ಲುಗಳು, ೧.೨ ವೋಲ್ಟು. ಮೂರನೆಯ ಪೀಳಿಗೆಯ ನಿಯಮಗಳು ೨೦೦೭ರಲ್ಲಿಯೂ, ನಾಲ್ಕನೆಯದು ೨೦೧೨ರಲ್ಲಿಯೂ, ಐದನೆಯದು ೨೦೨೦ರಲ್ಲಿಯೂ ಪ್ರಕಟವಾದುವು. ಒಂದು ಪೀಳಿಗೆಯದು ಇನ್ನೊಂದರ ಮನೆಯಲ್ಲಿ ತಪ್ಪಿ ಕೂಡ ಕೂರಬಾರದೆಂದೇ ಕಚ್ಚನ್ನು ಪ್ರತಿಸಾರಿಯೂ ಸರಿಸಿರುತ್ತಾರೆ. ನಾಲ್ಕು ಮತ್ತು ಐದನೆಯವುಗಳಲ್ಲಿ ಹಲ್ಲುಗಳ ಎಣಿಕೆ ಒಂದೇ ಆಗಿದ್ದರೂ ಕಚ್ಚು ಬೇರೆ. ಮಡಿಲ ಕಂಪ್ಯೂಟರಿನ ಪಟ್ಟಿಯಂತೂ ಉದ್ದದಲ್ಲಿಯೇ ಅರ್ಧ.

“ಒತ್ತಿ ಕುಂದರಿಸಾಕ ನೋಡಿದೆ ಮಾವ. ಮುರಿತೈತಿ ಅನ್ಸಿತು, ಬಿಟ್ಟೆ” ಎಂದಳು ಹುಡುಗಿ. ಬಿಟ್ಟುದು ಆಕೆಯ ಪುಣ್ಯ. ಬಲವಂತದಿಂದ ಒತ್ತಿದ್ದರೆ ಪಟ್ಟಿಯ ಜೊತೆಗೆ ಮದರ್‌ಬೋರ್ಡಿನ ಸ್ಲಾಟೂ ಮುರಿದು ಜೀವನದ ಆಧಾರವೇ ಹೋಗುತ್ತಿದ್ದಿತು.

ಈ ಸಾರಿ ಕೊಳ್ಳುವ ಮೊದಲು ತಿಳಿದುಕೊಳ್ಳೋಣವೆಂದು ಬೋರ್ಡಿನ ಮೇಲೆ ಅಚ್ಚಾಗಿದ್ದ ಹೆಸರನ್ನೂ ಸಂಖ್ಯೆಯನ್ನೂ ಆಕೆ ಒಂದು ಚೀಟಿಯಲ್ಲಿ ಬರೆದುಕೊಂಡಳು. ಆ ಸಂಖ್ಯೆಯಿಂದ ತಯಾರಕರ ಕೈಪಿಡಿಯನ್ನು ಫೋನಿನಲ್ಲಿಯೇ ತರಿಸಿ ಓದಿದೆವು. ಸ್ಲಾಟುಗಳು ಎರಡು, ಒಂದೊಂದರಲ್ಲಿ ಎಂಟು ಜಿ.ಬಿ. ಮೀರಕೂಡದು, ಒಟ್ಟು ಹದಿನಾರು. ವೇಗದ ಮಿತಿ ೧೬೦೦. ಅದಕ್ಕಿಂತ ವೇಗದ ಪಟ್ಟಿಯನ್ನು ಹಾಕಿದರೂ ಅದು ಬೋರ್ಡಿನ ಹೆಜ್ಜೆಗೇ ನಡೆಯಬೇಕು. ಎರಡು ಪಟ್ಟಿಗಳ ವೇಗ ಬೇರೆಬೇರೆಯಾದರೆ ಎರಡೂ ನಿಧಾನವಾದುದರ ಹೆಜ್ಜೆಗೆ ಇಳಿಯುತ್ತವೆ. ಇನ್ನೊಂದು ಸಂಗತಿಯನ್ನು ನೋಡುವುದು ಉಳಿದಿತ್ತು. ಯಂತ್ರದಲ್ಲಿರುವ ವಿಂಡೋಸು ೩೨ ಬಿಟ್ಟಿನದಾಗಿದ್ದರೆ ನಾಲ್ಕು ಜಿ.ಬಿ.ಯನ್ನು ಮೀರಿದ ನೆನಪು ಅದಕ್ಕೆ ಕಾಣುವುದೇ ಇಲ್ಲ. ಎಷ್ಟು ಕೊಂಡರೂ ವ್ಯರ್ಥ. ಅದೃಷ್ಟವಶಾತ್ ಇದು ೬೪ ಬಿಟ್ಟಿನದು.

ವಿಂಡೋಸು ಎಂದಾಗ ನನಗೆ ಒಂದು ಸಂದೇಹ ಬಂದಿತು. ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತಿತು. ಒಂದು ವರ್ಷದ ಮುಂದುವರಿಕೆ ಮಾತ್ರ ಆಗ ಇತ್ತು. ಇಷ್ಟು ಹಳೆಯ ಯಂತ್ರವನ್ನು ೧೧ ಒಪ್ಪುವುದಿಲ್ಲ. ಹೀಗಿರುವಾಗ ಇದಕ್ಕೆ ಇನ್ನೂ ಹಣ ಹಾಕಬೇಕೆ? ಹುಡುಗಿ ಇದನ್ನು ಆಗಲೇ ಲೆಕ್ಕ ಹಾಕಿದ್ದಳು. ಊರ ಮುದ್ರಣಾಲಯಗಳು ಇನ್ನೂ ಪೇಜ್‌ಮೇಕರನ್ನೂ ಹಳೆಯ ನುಡಿ ಅಕ್ಷರಗಳನ್ನೂ ಬಿಟ್ಟಿಲ್ಲ. ಅವು ಈ ಯಂತ್ರದಲ್ಲಿ ಪಳಗಿವೆ. ಹೊಸ ಯಂತ್ರಕ್ಕೆ ಬೇಕಾದ ಹಣವು ಈ ಮದುವೆಯ ಕಾಲದಲ್ಲಿ ದುಡಿದರೆ ಬರಬೇಕೇ ಹೊರತು ಅದಕ್ಕೆ ಮುಂಚೆ ಬಾರದು. ಸಾಲವೆಂಬ ಮಾತನ್ನು ನಾನು ಎತ್ತುವುದರೊಳಗಾಗಿಯೇ ಆಕೆ ತಲೆಯಲ್ಲಾಡಿಸಿದಳು.

ಮರುದಿನ ಇಬ್ಬರೂ ಹೊಸಪೇಟೆಗೆ ಹೋದೆವು. ಒಬ್ಬ ಅಂಗಡಿಯವನು ಆಕೆಯ ಚೀಟಿಯನ್ನು ಓದಿ, “ಹಿಂಗ ಬರಕೊಂಡು ಬರೋರು ಭಾಳ ಕಮ್ಮಿ” ಎಂದು ಸಂತೋಷಪಟ್ಟನು. ಆದರೆ ಮೂರನೆಯ ಪೀಳಿಗೆಯ ಹೊಸ ಪಟ್ಟಿ ಆತನಲ್ಲಿ ಇರಲಿಲ್ಲ. ದೂರದಿಂದ ತರಿಸಬಹುದಾದ ಅಗ್ಗದ ಮಾಲೊಂದು ಉಂಟೆಂದೂ, ಅದು ಎ.ಎಂ.ಡಿ. ಸಂಸ್ಥೆಯ ಪ್ರೊಸೆಸರಿರುವ ಬೋರ್ಡುಗಳಲ್ಲಿ ಮಾತ್ರ ನಡೆಯುವುದೆಂದೂ, ಕಚ್ಚು ಸರಿಹೊಂದಿ ಕೂತರೂ ಇಂಟೆಲ್ಲಿನ ಯಂತ್ರ ಏಳುವುದಿಲ್ಲವೆಂದೂ ತಾನಾಗಿಯೇ ಹೇಳಿದನು. ಮಾರಾಟವನ್ನು ಕಳೆದುಕೊಂಡು ಸತ್ಯವನ್ನು ಹೇಳಿದ ಆತನಿಗೆ ಒಳ್ಳೆಯದಾಗಲಿ.

ಅನಂತರ ನಡೆದುದು ನಾನು ಎಣಿಸದ ಸಂಗತಿ. ಹುಡುಗಿಯು ಚೀಲದಿಂದ ಆ ತಪ್ಪು ಪಟ್ಟಿಯನ್ನು ತೆಗೆದು, ಇದಕ್ಕೆ ಏನಾದರೂ ಬಂದೀತೆ ಎಂದು ಸಂಕೋಚದಿಂದ ಕೇಳಿದಳು. ಆತನು ಅದನ್ನು ತನ್ನ ಯಂತ್ರಕ್ಕೆ ಹಾಕಿ ಪರೀಕ್ಷಿಸಿ, ಆಕೆ ಕೊಟ್ಟಿದ್ದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಹೇಳಿದನು! ನಾನು ಕೇಳಿದುದು ಸರಿಯೇ ಎಂದು ಮತ್ತೊಮ್ಮೆ ವಿಚಾರಿಸಿದೆನು. ಪ್ರಪಂಚದ ಈ ಮಾಲಿನ ಬಹುಭಾಗವನ್ನು ಮಾಡುವವರು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು. ಕೃತಕ ಬುದ್ಧಿಮತ್ತೆಯ ಭಾರೀ ಗಣಕಾಲಯಗಳಿಗೆ ಬೇಕಾದ ನೆನಪನ್ನು ಮಾಡುವುದರಲ್ಲಿ ಅವರು ತೊಡಗಿದುದರಿಂದ ಸಾಮಾನ್ಯರ ಪಟ್ಟಿಗಳ ಬೆಲೆ ೨೦೨೫ರ ಕೊನೆಯ ತಿಂಗಳುಗಳಲ್ಲಿ ಏರತೊಡಗಿ ಇನ್ನೂ ನಿಂತಿರಲಿಲ್ಲ. ಅಮೆರಿಕೆಯಲ್ಲಿ ಯಾರೋ ಕಟ್ಟುವ ಮಹಾಯಂತ್ರದ ದೆಸೆಯಿಂದ ಕಂಪ್ಲಿಯ ಹುಡುಗಿಯ ನಷ್ಟ ತೀರಿತು. ನನಗೆ ಸಂತೋಷವಾಯಿತು, ಆದರೆ ಪೂರ್ತಿಯಾಗಿ ಅಲ್ಲ. ನನ್ನ ತಪ್ಪಿಗೆ ದಂಡ ತೆರಲು ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಹಣ ಅಲ್ಲಿಯೇ ಉಳಿಯಿತು.

ಮೂರನೆಯ ಪೀಳಿಗೆಯದು ಬೇಕಾದರೆ ಸಂಡೂರಿನಲ್ಲಿ ವಿಚಾರಿಸಿರೆಂದು ಆತನೇ ದಾರಿ ತೋರಿಸಿದನು. ಅಲ್ಲಿ ಗಣಿಗಳ ಕಚೇರಿಗಳಿಂದ ಬಂದ ಹಳೆಯ ಯಂತ್ರಗಳನ್ನು ಬಿಚ್ಚುವವನೊಬ್ಬನಿದ್ದಾನಂತೆ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಹಾದಿಯು ಚೆಲುವಾದುದು, ಕಣ್ಣಿಗೆ ಧೂಳು ಬೀಳದಿದ್ದರೆ. ಸುತ್ತಲೂ ಗುಡ್ಡದ ಸಾಲುಗಳು ಕೋಟೆಯಂತೆ ನಿಂತಿವೆ; ಅವನ್ನು ಸೀಳಿಕೊಂಡು ನಾರಿಹಳ್ಳವು ಹರಿಯುತ್ತದೆ. ಘೋರ್ಪಡೆ ಮನೆತನದವರು ಆಳಿದ ಈ ಪುಟ್ಟ ಸಂಸ್ಥಾನವು ೧೯೪೯ರಲ್ಲಿ ಭಾರತದಲ್ಲಿ ಸೇರಿತು. ಕುಮಾರಸ್ವಾಮಿಯ ಗುಡಿಯನ್ನು ಹತ್ತಿ ನೋಡಬೇಕೆಂಬ ನನ್ನ ಆಸೆ ಈ ಸಾರಿಯೂ ಈಡೇರಲಿಲ್ಲ. ಲಂಬಾಣಿ ಹೆಂಗಸರ ಕಸೂತಿಗೆ ಈ ಊರು ಹೆಸರಾದುದು. ೨೦೧೦ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆದರೆ ಹೊರಗಿನವರಿಗೆ ಸಂಡೂರೆಂದರೆ ಕಬ್ಬಿಣದ ಅದಿರು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳ ಸಾಲೇ ಮಾಯವಾಗಿದ್ದಿತು. ಮುಂದೆ ಕಟ್ಟುಪಾಡುಗಳೊಡನೆ ಗಣಿಗಳು ಮತ್ತೆ ತೆರೆದುವು. ಕೆಂಪು ಧೂಳು ಮರಗಳ ಎಲೆಯ ಮೇಲೆ ಇಂದಿಗೂ ಕುಳಿತಿದೆ.

ಆ ಧೂಳು ಯಂತ್ರಗಳ ಹೊಟ್ಟೆಯಲ್ಲಿಯೂ ಇತ್ತು. ಬಿಚ್ಚುವವನು ನಡುವಯಸ್ಸಿನ ಮನುಷ್ಯ. ಅಂಗಡಿಗೆ ಹೆಸರಿನ ಹಲಗೆಯೂ ಇರಲಿಲ್ಲ. ಲಾರಿಗಳನ್ನು ತೂಗುವ ವೇಬ್ರಿಜ್ಜಿನ ಕಚೇರಿಯೊಂದರಿಂದ ಬಂದ ಪೆಟ್ಟಿಗೆಯನ್ನು ತೆರೆದು ತೋರಿಸಿದನು: ಒಳಗೆಲ್ಲ ಕುಂಕುಮ ಚೆಲ್ಲಿದಂತಿತ್ತು. ಅದರೊಳಗಿಂದ ಎರಡು ಪಟ್ಟಿಗಳನ್ನು ತೆಗೆದು ಕುಂಚದಿಂದ ಒರಸಿ ಮೇಜಿನ ಮೇಲಿಟ್ಟನು. ಹುಡುಗಿಯು ಅಂಟಿಸಿದ ಚೀಟಿಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು: “ಎಂಟು ಜಿ.ಬಿ., ೨ಆರ್‌ಎಕ್ಸ್೮, ಪಿಸಿ೩ಎಲ್-೧೨೮೦೦ಯು.”

ಈ ಬೀಜಾಕ್ಷರಗಳ ಅರ್ಥವನ್ನು ಆ ಮನುಷ್ಯನು ಬಿಡಿಸಿ ಹೇಳಿದ ರೀತಿಯು ಯಾವ ಉಪಾಧ್ಯಾಯನಿಗೂ ಮೇಲ್ಪಂಕ್ತಿಯಾಗತಕ್ಕುದು. ಪಿಸಿ೩ ಎಂದರೆ ಮೂರನೆಯ ಪೀಳಿಗೆ. ೧೨೮೦೦ ಎಂಬುದು ವೇಗದ ಇನ್ನೊಂದು ಹೆಸರು. ೧೬೦೦ನ್ನು ಎಂಟರಿಂದ ಗುಣಿಸಿದರೆ ಬರುವುದು ಅದೇ. ಎಲ್ ಎಂಬುದು ಕಡಮೆ ವಿದ್ಯುತ್ತಿನ ಗುರುತು, ೧.೩೫ ವೋಲ್ಟಿನಲ್ಲಿ ನಡೆಯಬಲ್ಲದು, ಆದರೆ ಒಂದೂವರೆಯ ಹಳೆಯ ಬೋರ್ಡಿನಲ್ಲಿಯೂ ಹೊಂದಿಕೊಳ್ಳುತ್ತದೆ. ಎಕ್ಸ್೮ ಎಂದಿರುವುದರಿಂದ ಹೊಸಪೇಟೆಯವನು ಹೇಳಿದ ಎ.ಎಂ.ಡಿ.ಯ ತೊಡಕು ಇದಕ್ಕಿಲ್ಲ. ಆ ಅಗ್ಗದ ಮಾಲಿನ ಬಿಲ್ಲೆಗಳು ಎಕ್ಸ್೪ರವು. ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಅಕ್ಷರ. ಯು ಇದ್ದರೆ ಮೇಜಿನ ಯಂತ್ರಕ್ಕೆ, ಎಸ್ ಇದ್ದರೆ ಮಡಿಲ ಯಂತ್ರಕ್ಕೆ, ಆರ್ ಇದ್ದರೆ ದೊಡ್ಡ ಸರ್ವರುಗಳಿಗೆ. ಈ ಆರ್ ಪಟ್ಟಿಯು ಸಂತೆಯಲ್ಲಿ ಅಗ್ಗವಾಗಿ ಸಿಕ್ಕುತ್ತದೆ, ಕಚ್ಚೂ ಸರಿಹೋಗುತ್ತದೆ, ಮನೆಯ ಯಂತ್ರ ಮಾತ್ರ ನಡೆಯುವುದಿಲ್ಲ. “ಕಚ್ಚು ನೋಡಿದ್ರ ಅರ್ಧ ನೋಡಿದಂಗ, ಅಕ್ಷರ ನೋಡಿದ್ರ ಪೂರ್ತಿ ನೋಡಿದಂಗ ತಂಗಿ” ಎಂದನು.

ಎರಡನ್ನೂ ಕೊಂಡುಬಿಡೋಣವೆಂದು ನಾನು ಜೇಬಿಗೆ ಕೈ ಹಾಕಿದೆನು. ಒಂದೇ ಪೆಟ್ಟಿಗೆಯಿಂದ ಬಂದ ಜೋಡಿ; ಸಮನಾದ ಜೋಡಿಯು ಎರಡು ದಾರಿಯಲ್ಲಿ ಒಟ್ಟಿಗೆ ದುಡಿದು ಹೆಚ್ಚು ವೇಗ ಕೊಡುತ್ತದೆ; ಹದಿನಾರು ಜಿ.ಬಿ.ಯ ಪೂರ್ಣ ಮಿತಿಯನ್ನೂ ಮುಟ್ಟಬಹುದು. ಹುಡುಗಿ ನನ್ನ ಕೈ ಹಿಡಿದಳು.

“ಬ್ಯಾಡ ಮಾವ. ಒಂದು ಸಾಕು. ಹಳೇದು ನಾಕು, ಇದು ಎಂಟು, ಹನ್ನೆರಡು ಆಕ್ಕೈತಿ. ನನ್ನ ಕೆಲಸಕ್ಕ ಹನ್ನೆರಡು ಹೆಚ್ಚೇ. ಉಳಿದ ರೊಕ್ಕ ತಮ್ಮನ ಪರೀಕ್ಷಾ ಫೀಜಿಗೆ ಬೇಕು.”

“ನಾನು ಕೊಡುತ್ತೇನಲ್ಲ” ಎಂದೆನು.

“ನೀವು ಬಂದ್ರಲ್ಲ, ಅಷ್ಟು ಸಾಕು” ಎಂದು ಹೊಸಪೇಟೆಯಲ್ಲಿ ಬಂದ ನೋಟುಗಳನ್ನು ಎಣಿಸಿ ತಾನೇ ಕೊಟ್ಟಳು. ಬಿಚ್ಚುವವನು ಆಕೆಯ ಲೆಕ್ಕವೇ ಸರಿಯೆಂದನು. ನಾಲ್ಕು ಮತ್ತು ಎಂಟು ಕೂಡಿದಾಗ ನಾಲ್ಕಕ್ಕೆ ನಾಲ್ಕು ಜೋಡಿಯಾಗಿ ಎಂಟು ಜಿ.ಬಿ. ಎರಡು ದಾರಿಯಲ್ಲಿ ನಡೆಯುತ್ತದೆ, ಮಿಕ್ಕ ನಾಲ್ಕು ಒಂಟಿಯಾಗಿ ನಡೆಯುತ್ತದೆ; ಕರೆಯೋಲೆ ಬರೆಯುವವರಿಗೆ ಆ ವ್ಯತ್ಯಾಸ ತಿಳಿಯದು. ಪಟ್ಟಿಯನ್ನು ಬೂದುಬಣ್ಣದ ಮಿಂಚುತಡೆಯ ಚೀಲದಲ್ಲಿ ಹಾಕಿಕೊಟ್ಟು, ನಡೆಯದಿದ್ದರೆ ಹದಿನೈದು ದಿನದೊಳಗೆ ಹಿಂದಕ್ಕೆ ತರಬಹುದೆಂದು ಕೇಳದೆಯೇ ಹೇಳಿದನು.

ಮರಳುವ ದಾರಿಯಲ್ಲಿ ಕಂಪ್ಲಿಯ ಬಸ್ಸಿಗೆ ಹೊತ್ತಿದ್ದುದರಿಂದ ಹಂಪೆಯಲ್ಲಿ ಎರಡು ತಾಸು ಕಳೆದೆವು. ಹಂಪೆಯನ್ನು ಎರಡು ತಾಸಿನಲ್ಲಿ ನೋಡಿದೆನೆಂದು ಬರೆಯುವುದು ಅವಿವೇಕ. ರಾಜಾಂಗಣದ ಪುಷ್ಕರಣಿಯನ್ನು ಮಾತ್ರ ಹೇಳುತ್ತೇನೆ. ಪ್ರಾಚ್ಯವಸ್ತು ಇಲಾಖೆಯವರು ೧೯೮೦ರ ದಶಕದಲ್ಲಿ ಅಗೆದು ತೆಗೆದ ಈ ಮೆಟ್ಟಿಲುಗೊಳದ ಕಪ್ಪು ಕಲ್ಲುಗಳು ಕಡೆದು ಸಿದ್ಧಪಡಿಸಿ ತಂದು ಜೋಡಿಸಿದುವು. ಯಾವ ದಿಕ್ಕಿನ ಎಷ್ಟನೆಯ ಸಾಲಿನ ಕಲ್ಲು ಎಂಬ ಗುರುತನ್ನು ಶಿಲ್ಪಿಗಳು ಅನೇಕ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಹುಡುಗಿಯು ಬೇಲಿಯ ಈಚೆಯಿಂದಲೇ ಬಗ್ಗಿ ನೋಡುತ್ತ, “ಇವ್ರೂ ಚೀಟಿ ಹಚ್ಯಾರ ನೋಡ್ರಿ ಮಾವ” ಎಂದು ನಕ್ಕಳು. ಕೈಚೀಲವನ್ನು ಮಾತ್ರ ಎದೆಗೆ ಅವಚಿಕೊಂಡೇ ಇದ್ದಳು.

ಆ ರಾತ್ರಿ ಪಟ್ಟಿಯನ್ನು ಕಚ್ಚಿಗೆ ಕಚ್ಚು ಕೂಡಿಸಿ ಎರಡು ತುದಿಗಳನ್ನೂ ಸಮವಾಗಿ ಒತ್ತಿದಾಗ ಪಕ್ಕದ ಚಿಲಕಗಳು ಟಕ್ಕೆಂದು ತಾವಾಗಿಯೇ ಬಿದ್ದುವು. ಗುಂಡಿ ಒತ್ತಿದೆವು. ಪರದೆ ಬೆಳಗಲಿಲ್ಲ, ಯಂತ್ರವು ಬೀಪ್ ಬೀಪ್ ಎಂದು ಒಂದೇ ಸಮನೆ ಕೂಗತೊಡಗಿತು. ಅಕ್ಕ ಒಳಗಿನಿಂದ ಓಡಿಬಂದಳು. ನನ್ನ ಎದೆಯು ಕುಸಿಯಿತು; ಎರಡನೆಯ ಸಾರಿಯೂ ನನ್ನಿಂದಲೇ ಕೆಟ್ಟಿತೆಂದುಕೊಂಡೆನು. ಹುಡುಗಿಯು ಮಾತಾಡದೆ ತಂತಿಯನ್ನು ಕಿತ್ತು, ಪಟ್ಟಿಯನ್ನು ಹೊರತೆಗೆದು, ತಮ್ಮನ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದಳು. ರಬ್ಬರಿನ ಬಿಳಿಯ ತುದಿ ಕೆಂಪಾಯಿತು, ಸಂಡೂರಿನ ಅದಿರು. ಪುಡಿಯನ್ನು ಒಣಬಟ್ಟೆಯಿಂದ ಒರಸಿ ಮತ್ತೆ ಕೂಡಿಸಿದಳು. ಈ ಸಾರಿ ಒಂದೇ ಒಂದು ಬೀಪ್ ಆಗಿ ಪರದೆ ಬೆಳಗಿತು. ನೆನಪಿನ ಲೆಕ್ಕದಲ್ಲಿ ಹನ್ನೆರಡು ಜಿ.ಬಿ. ಎಂದಿತ್ತು.

ಹಳೆಯ ಪಟ್ಟಿಯನ್ನು ನಂಬಿ ಗಿರಾಕಿಗಳ ಕೆಲಸಕ್ಕೆ ಕೈಹಾಕುವ ಮೊದಲು ಪರೀಕ್ಷಿಸಬೇಕಷ್ಟೆ. ವಿಂಡೋಸಿನಲ್ಲಿಯೇ ಇರುವ ನೆನಪಿನ ಪರೀಕ್ಷೆಗೆ ಹಚ್ಚಿ ಮಲಗಿದೆವು. ನಾನು ನಡುರಾತ್ರಿ ಎರಡು ಸಾರಿ ಎದ್ದುಬಂದು ಪರದೆಯನ್ನು ನೋಡಿದೆನು. ಎರಡನೆಯ ಸಾರಿ ಅಕ್ಕನೂ ಅಲ್ಲಿಯೇ ನಿಂತಿದ್ದಳು. ಬೆಳಗಿಗೆ ದೋಷವಿಲ್ಲವೆಂಬ ಒಕ್ಕಣೆ ಬಂದಿತು.

ಎಂಟು ಗಂಟೆಗೆ ರಾಮಸಾಗರದ ಕಡೆಯ ರೈತನೊಬ್ಬನು ಮಗಳ ಮದುವೆಯ ಕರೆಯೋಲೆಗೆಂದು ಕಿಟಕಿಯ ಮುಂದೆ ನಿಂತನು. ಹುಡುಗಿ ಆತನಿಗೆ ಚಿತ್ರಗಳನ್ನು ತೋರಿಸುತ್ತಿರುವಾಗಲೇ ವಿದ್ಯಾರ್ಥಿವೇತನದ ಅರ್ಜಿಗೆಂದು ಇನ್ನೊಬ್ಬಳು ಬಂದಳು. ಆಕೆಯನ್ನು ಆಮೇಲೆ ಬಾರೆಂದು ಕಳುಹಿಸದೆ ಪಕ್ಕದಲ್ಲಿಯೇ ಅರ್ಜಿಯ ಪುಟವನ್ನೂ ತೆರೆದಳು.